ಪಿಕೆಟ್ ಬೆಂಡ್‌ನ ಹುಲ್ಲು ಕತ್ತರಿಸುವವರಿಗೆ ಪೈ ಹಂಚುವ ಕುರಿತು

ಕಾರ್ಮಿಕರ ಕಾಯಿಲೆ ಪರಿಹಾರ ಇಲಾಖೆ (ಪ್ರಚಾರ ವಿಭಾಗ)
ಪಿಕೆಟ್ ಬೆಂಡ್ ಶಾಖೆ, ಟೆನೆಸ್ಸಿ

ಸಂಖ್ಯೆ: ಕಾಕಾಪ/ಪ್ರಚಾರ/ಪೈ/17/2009
ದಿನಾಂಕ: 19 ಜೂನ್ 2009

ಸುತ್ತೋಲೆ

ವಿಷಯ: ಪ್ರಚಾರ ಸಭೆಗಳಲ್ಲಿ ಪೈ (ಹಣ್ಣು ತುಂಬಿ ಬೇಯಿಸಿದ ಸಿಹಿ ತಿಂಡಿ) ಹಂಚಿಕೆ, ಹವಾಮಾನದ ಹೊಗಳಿಕೆ ಹಾಗೂ ದಂಪತಿಗಳ ಪರಸ್ಪರ ಸಂಭಾಷಣೆಯ ನಿಯಂತ್ರಣ.

ಉಲ್ಲೇಖ: 1) ಪ್ರಚಾರಾಧಿಕಾರಿ ಶ್ರೀಮತಿ ವರ್ನೆಲ್ ಹಾಚ್‌ಕಿಸ್‌ರವರ ವರದಿ, ದಿನಾಂಕ 12 ಜೂನ್ (ಪುಟ 4, ಪೈ ರಸದ ಕಲೆ 3).
2) ಇದೇ ವಿಷಯದ ಹಿಂದಿನ ಹದಿನಾರು ಸುತ್ತೋಲೆಗಳು (ಯಾರೂ ಓದಿರುವುದಿಲ್ಲ).

ಪ್ರಸ್ತಾವನೆ: ಪಿಕೆಟ್ ಬೆಂಡ್‌ನ ಅಣುಬಾಂಬ್ ಬಿಡಿಭಾಗಗಳ ಕಾರ್ಖಾನೆಯಲ್ಲಿ ದುಡಿದು ಕಾಯಿಲೆಬಿದ್ದವರಿಗೆ ಸರ್ಕಾರವು ಜೀವನಪರ್ಯಂತ ಚಿಕಿತ್ಸೆ ನೀಡುತ್ತದೆ. ಅದಕ್ಕಾಗಿ ಅವರು ಅಲ್ಲಿ ಏನು ಕೆಲಸ ಮಾಡುತ್ತಿದ್ದರೆಂದು ಹೇಳತಕ್ಕದ್ದು. ಏನನ್ನೂ ಹೇಳಬಾರದೆಂದು ಅವರಿಂದ ಆಣೆ ಮಾಡಿಸಿಕೊಂಡಿದ್ದೂ ಇದೇ ಸರ್ಕಾರ. ಕಾರ್ಖಾನೆ ಮುಚ್ಚಿ ಇಪ್ಪತ್ತು ವರ್ಷವಾದರೂ ಊರಿನವರು ಬಾಯಿ ಬಿಡುತ್ತಿಲ್ಲ. ಈವರೆಗೆ ಬಂದ ಅರ್ಜಿಗಳ ಪ್ರಕಾರ ಅಲ್ಲಿನ ಗಂಡಸರೆಲ್ಲ ಹುಲ್ಲು ಕತ್ತರಿಸುವವರು, ಹೆಂಗಸರೆಲ್ಲ ಬೆರಳಚ್ಚುಗಾರ್ತಿಯರು. ಬಾಂಬು ತನ್ನಷ್ಟಕ್ಕೆ ತಾನೇ ತಯಾರಾಯಿತೆಂದು ಇಲಾಖೆಯು ಭಾವಿಸಬೇಕಾಗಿದೆ. ಈ ಊರಿನಲ್ಲಿ ಮೂರು ವರ್ಷದಿಂದ ಪ್ರಚಾರ ಮಾಡುತ್ತಿರುವ ಶ್ರೀಮತಿ ಹಾಚ್‌ಕಿಸ್‌ರವರು ಹೈರಾಣಾಗಿರುತ್ತಾರೆ. ಆದ್ದರಿಂದ ಈ ಕೆಳಕಂಡಂತೆ ಸೂಚಿಸಲಾಗಿದೆ:

1. ಸಭೆಗೆ ಜನ ಬರುವುದು ಪೈ ತಿನ್ನಲು. ಮಾರ್ಚ್ ಸಭೆಯಲ್ಲಿ ಶ್ರೀ ಓಡೆಲ್ ಪ್ರಫಿಟ್‌ರವರು ನಾಲ್ಕು ತುಂಡು ಸೇಬಿನ ಪೈ ಮುಗಿಸಿ, "ನಾನೆಲ್ಲಮ್ಮ ಅಲ್ಲಿ ಕೆಲ್ಸ ಮಾಡಿದ್ದೆ? ಬಾಗ್ಲು ತೆಗೆದಿತ್ತು, ಘಮ್ಮಂತ ವಾಸ್ನೆ ಬಂತು, ಒಳಗೆ ಬಂದೆ ಅಷ್ಟೆ" ಎಂದು ಹೇಳಿಕೆ ನೀಡಿರುತ್ತಾರೆ. ಇನ್ನು ಮುಂದೆ ಎರಡನೇ ತುಂಡನ್ನು ಕನಿಷ್ಠ ಒಂದು ನಿಜ ಹೇಳಿದ ನಂತರವೇ ನೀಡತಕ್ಕದ್ದು.

2. ಎಲ್ಲರೂ ಬಾಗಿಲ ಬಳಿಯ ಕೊನೆಯ ಸಾಲಿನಲ್ಲೇ ಕೂರುವುದರಿಂದ, ಕೊನೆಯ ಸಾಲನ್ನು ಮೊದಲನೇ ಸಾಲಿನ ಮುಂದೆ ಇಡತಕ್ಕದ್ದು.

3. ಹಿಂದೆ ಕಾರ್ಖಾನೆಯವರು ಕ್ಷೌರದಂಗಡಿಗೆ ತಮ್ಮ ಜನರನ್ನು ಗುಟ್ಟಾಗಿ ಕಳುಹಿಸಿ ಕೆಲಸದ ಬಗ್ಗೆ ಕೇಳಿಸುತ್ತಿದ್ದರು. ಉತ್ತರ ಕೊಟ್ಟವನ ಕೆಲಸ ಮರುದಿನವೇ ಹೋಗುತ್ತಿತ್ತು. ಆ ಭಯದಿಂದ, ಶ್ರೀಮತಿ ಹಾಚ್‌ಕಿಸ್ ಬಾಯಿ ತೆರೆದ ತಕ್ಷಣ ನಲವತ್ತು ಜನ ಒಟ್ಟಿಗೆ ಹವಾಮಾನವನ್ನು ಹೊಗಳುತ್ತಾರೆ. ಹೊಗಳಿಕೆಯನ್ನು ಮೂರು ನಿಮಿಷಕ್ಕೆ ಮಿತಿಗೊಳಿಸಲಾಗಿದೆ. ಗುಡುಗುವ ದಿನ ಹೊಗಳಲು ಪೂರ್ವಾನುಮತಿ ಕಡ್ಡಾಯ.

4. "ನಿಮ್ಮ ಕಾಯಿಲೆಗೆ ಸಂಬಂಧಿಸಿದ್ದನ್ನು ಧಾರಾಳವಾಗಿ ಹೇಳಬಹುದು" ಎಂಬ ಪತ್ರವನ್ನು ಇಲಾಖೆಯು ಮನೆಮನೆಗೆ ಕಳುಹಿಸಿತ್ತು. ರವಾನೆ ಶಾಖೆಯು ಅಭ್ಯಾಸಬಲದಿಂದ ಲಕೋಟೆಗಳ ಮೇಲೆ "ಗೋಪ್ಯ" ಎಂಬ ಮೊಹರು ಒತ್ತಿತು. ಸ್ವೀಕರಿಸಿದವರು ನಿಯಮಾನುಸಾರ ಓದದೆ ಸುಟ್ಟುಹಾಕಿ, ಸುಟ್ಟಿರುವುದಾಗಿ ರಸೀದಿ ಕಳುಹಿಸಿರುತ್ತಾರೆ. ರಸೀದಿಗಳನ್ನು ಗೋಪ್ಯವಾಗಿ ಕಾಪಾಡತಕ್ಕದ್ದು.

5. ಶ್ರೀ ಡೆಲ್ಮರ್ ಟ್ಯಾಕೆಟ್, ವಯಸ್ಸು 74, ಇವರ ಶ್ವಾಸಕೋಶ ಲೋಹದ ಪುಡಿಯಿಂದ ಗಟ್ಟಿಯಾಗಿರುತ್ತದೆ. ಮನೆಗೆ ಆಮ್ಲಜನಕದ ಯಂತ್ರ ಸಿಗಬೇಕಾದರೆ ಚಿಕಿತ್ಸಾ ಕಾರ್ಡ್ ಬೇಕು. ಸದರಿಯವರು ಅರ್ಜಿಯಲ್ಲಿ ಹುಲ್ಲು ಕತ್ತರಿಸುತ್ತಿದ್ದುದಾಗಿ ಬರೆದಿದ್ದರಿಂದ, ಹುಲ್ಲಿನಿಂದ ಈ ಕಾಯಿಲೆ ಬರುವುದಿಲ್ಲವೆಂದು ಎರಡು ಬಾರಿ ಹಿಂದಿರುಗಿಸಲಾಗಿದೆ. ಕಾರ್ಖಾನೆಯ ಕಡತಗಳು ಪ್ರವಾಹದಲ್ಲಿ ಹೋಗಿವೆ. ಜೂನ್ 30ರೊಳಗೆ ಕಣ್ಣಾರೆ ಕಂಡ ಒಬ್ಬ ಸಾಕ್ಷಿ ಸಿಗದಿದ್ದರೆ ಅರ್ಜಿ ಶಾಶ್ವತವಾಗಿ ಮುಕ್ತಾಯ. ಶ್ರೀಮತಿ ಹಾಚ್‌ಕಿಸ್‌ರವರು ಇದನ್ನು ನೆನೆದು ಎರಡು ವಾರ ಸರಿಯಾಗಿ ಊಟ ಮಾಡಿರುವುದಿಲ್ಲ. ಊಟದ ವಿರಾಮವನ್ನು ಮಾತ್ರ ಪಡೆದಿರುತ್ತಾರೆ; ವಿವರಣೆ ಕೋರಲಾಗಿದೆ.

6. ಜೂನ್ 11ರ ಮಧ್ಯಾಹ್ನ ಚರ್ಚಿನ ನೆಲಮಾಳಿಗೆಯ ಸಭೆಗೆ ಸದರಿ ಟ್ಯಾಕೆಟ್‌ರವರು ಪತ್ನಿ ಶ್ರೀಮತಿ ಎಲ್ಡಾರೊಂದಿಗೆ, ಮೆಟ್ಟಿಲಿಗೊಮ್ಮೆ ನಿಂತು ಏದುಸಿರು ಬಿಡುತ್ತಾ ಇಳಿದು ಬಂದರು. ಶ್ರೀಮತಿ ಹಾಚ್‌ಕಿಸ್‌ರವರು ಮೇಲಧಿಕಾರಿಗಳ ಅನುಮೋದನೆ ಪಡೆಯದೆ ನಮೂನೆಯನ್ನು ಮಡಚಿಟ್ಟು, "ತಾತ, ಹುಲ್ಲೇ ಕತ್ತರಿಸಿದ್ರಿ ಅಂತಿಟ್ಕೊಳ್ಳಿ. ಆಗ ಹಾಕ್ಕೋತಿದ್ದ ಅಂಗಿ ಮೇಲೆ ನಂಬರ್ ಇತ್ತಲ್ಲ, ಅದಾದ್ರೂ ಹೇಳಿ" ಎಂದರು.

ಸದರಿಯವರು ಆಣೆಯ ಸಾಲುಗಳನ್ನು ಬೆರಳಲ್ಲಿ ಎಣಿಸಿ, "ನಂಬರ್ ಹೇಳ್ಬಾರ್ದು ಅಂತ ಆಣೇಲಿ ಇರ್ಲಿಲ್ಲ" ಎಂದು ಖಚಿತಪಡಿಸಿಕೊಂಡು, "ನಾನೂರ ಹದಿನೇಳು" ಎಂದರು.

ಶ್ರೀಮತಿ ಎಲ್ಡಾರವರ ಕೈಯಿಂದ ತಟ್ಟೆ ಬಿದ್ದಿರುತ್ತದೆ (ತಟ್ಟೆ ಚರ್ಚಿನದು). "ನಿನ್ ಮನೆ ಹಾಳಾಗ! ನಾನೂರ ಹದಿನೇಳು ನೀನಾ?" ಎಂದು ಕೂಗಿದರು. ಶಪಿಸಿದವರ ಮನೆಯೂ ಅದೇ ಆಗಿರುತ್ತದೆ. "ಒಂಬತ್ತನೇ ಕಟ್ಟಡದಿಂದ ದಿನಾ ಲಾಂಡ್ರಿಗೆ ಬರ್ತಿತ್ತಲ್ಲೋ ಆ ಅಂಗಿ, ಕಾಲರ್ ತುಂಬ ಬೂದು ಪುಡಿ! ಹನ್ನೊಂದು ವರ್ಷ ಉಜ್ಜಿದೀನಿ. ಉಜ್ಜಿ ಉಜ್ಜಿ ಬೈದಿದೀನಿ, ಯಾವ ಮುಠ್ಠಾಳಂದಪ್ಪ ಇದು ಅಂತ!"

"ನೀನು ಟೈಪಿಸ್ಟ್ ಅಲ್ವೇನೇ?"

"ನೀನು ಹುಲ್ಲು ಕತ್ತರಿಸ್ತಿದ್ಯಲ್ಲ, ಹಂಗೇ."

"ಒಂದ್ಸಲ ತೋಳು ಹರಿದಾಗ ಯಾರೋ ಕೆಂಪು ದಾರದಲ್ಲಿ ಹೊಲ್ದು ಕಳ್ಸಿದ್ರು..."

"ನಾನೇ ಕಣೋ. ಬಿಳಿ ದಾರ ಮುಗ್ದಿತ್ತು."

ಸದರಿಯವರು ನಕ್ಕರು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲುವವರೆಗೂ ಪತ್ನಿಯವರು ಬೆನ್ನು ಸವರುತ್ತಲೇ ಇದ್ದರು. ಸಭೆಯಲ್ಲಿ ಯಾರೂ ಹವಾಮಾನದ ಸುದ್ದಿ ಎತ್ತಲಿಲ್ಲ. ಮೂರು ಗಂಟೆ ನಲವತ್ತು ನಿಮಿಷಕ್ಕೆ ಶ್ರೀಮತಿ ಎಲ್ಡಾರವರ ಸಾಕ್ಷಿ ಹೇಳಿಕೆ ದಾಖಲಾಗಿದೆ. ಶ್ರೀಮತಿ ಹಾಚ್‌ಕಿಸ್‌ರವರು ಕರ್ತವ್ಯದ ಅವಧಿಯಲ್ಲಿ ಗಳಗಳನೆ ಅತ್ತಿರುತ್ತಾರೆ. ಅಳುವಿಗೆ ನಿಗದಿತ ನಮೂನೆ ಇಲ್ಲದಿರುವುದರಿಂದ ಮನ್ನಿಸಲಾಗಿದೆ.

7. ಆನಂತರ ಇನ್ನೂ ಆರು ದಂಪತಿಗಳು "ಹಂಗಾದ್ರೆ ನೀನು ಯಾವ ಕಟ್ಟಡ?" ಎಂದು ಪರಸ್ಪರ ವಿಚಾರಣೆ ಆರಂಭಿಸಿದ್ದರಿಂದ ಸಭೆಯು ಏಳು ಗಂಟೆಯವರೆಗೆ ನಡೆದು, ಅಭ್ಯಾಸಕ್ಕೆ ಬಂದ ಚರ್ಚಿನ ಗಾಯಕರು ಮೆಟ್ಟಿಲ ಮೇಲೆ ಕಾಯಬೇಕಾಯಿತು. ಒಂಬತ್ತು ಸಾಕ್ಷಿಗಳು ಸಿಕ್ಕಿದ್ದಾರೆಂಬುದು ಬೇರೆ ಮಾತು. ಮದುವೆಯಾಗಿ ನಲವತ್ತು ವರ್ಷ ಮೀರಿದ ದಂಪತಿಗಳು ಮೊದಲ ಬಾರಿ ಮಾತನಾಡಲು ಇಲಾಖೆಯ ಕುರ್ಚಿಗಳನ್ನು ಬಳಸುವಂತಿಲ್ಲ. ಬಳಸಿದಲ್ಲಿ ಎಬ್ಬಿಸುವಂತೆಯೂ ಇಲ್ಲ.

8. ಅನುಮೋದನೆಯಿಲ್ಲದೆ ನಂಬರ್ ಕೇಳಿದ್ದೇಕೆಂದು ನೀಡಲಾದ ನೋಟಿಸಿಗೆ ಶ್ರೀಮತಿ ಹಾಚ್‌ಕಿಸ್‌ರವರು "ಕೇಳಿದ್ದೀನಿ, ಇನ್ನೂ ಕೇಳ್ತೀನಿ" ಎಂದು ಉತ್ತರಿಸಿರುತ್ತಾರೆ. ಉತ್ತರವನ್ನು ತೃಪ್ತಿಕರವೆಂದು ಪರಿಗಣಿಸಿ, ಎಲ್ಲ ಪ್ರಚಾರ ಸಿಬ್ಬಂದಿಯೂ ಹೀಗೆಯೇ ಅನುಮೋದನೆಯಿಲ್ಲದೆ ಕೇಳಲು ಅನುಮೋದನೆ ನೀಡಲಾಗಿದೆ.

ಸಹಿ/-
(ಕ್ಲಿಫ್ಟನ್ ಏವರಿಲ್)
ಉಪ ನಿರ್ದೇಶಕರು (ಪ್ರಚಾರ)

ಪ್ರತಿಗಳು:
1. ರವಾನೆ ಶಾಖೆ: ಯಾವುದೇ ಮೊಹರು ಒತ್ತದೆ ಕಳುಹಿಸಲು.
2. ಶ್ರೀ ಓಡೆಲ್ ಪ್ರಫಿಟ್: ಸಭೆಗೆ ಪತ್ನಿಯನ್ನೂ ಕರೆತರುವ ಕೋರಿಕೆಯೊಂದಿಗೆ.
3. ಶ್ರೀ ಡೆಲ್ಮರ್ ಟ್ಯಾಕೆಟ್: ಚಿಕಿತ್ಸಾ ಕಾರ್ಡ್ ಲಗತ್ತಿಸಿದೆ. ಯಂತ್ರವು ಸೋಮವಾರ ಮನೆಗೆ ಬರಲಿದೆ.
4. ಶ್ರೀಮತಿ ಎಲ್ಡಾ ಟ್ಯಾಕೆಟ್: ಪತಿಯೊಂದಿಗೆ ಮಾತನಾಡಲು ಅನುಮತಿ ನೀಡಲಾಗಿದೆ. ಸದರಿ ಅನುಮತಿಯು ಮದುವೆಯಾದ 1961ನೇ ಇಸವಿಯಿಂದ ಪೂರ್ವಾನ್ವಯವಾಗುತ್ತದೆ.