ಅತ್ತಿಗೆಯ ಫೋಟೋಗೆ ಮೂರು ರಿಂಗು

ಇಲ್ಲಿ ಬರೆದಿರುವುದೆಲ್ಲ ನಿಜ, ನನ್ನ ಕ್ಯಾಮೆರಾ ಮುಟ್ಟಿ ಹೇಳುತ್ತೇನೆ. ನಂಬಿಕೆ ಇಲ್ಲದವರು ಮಧುಗಿರಿಗೆ ಬಂದು ನನ್ನ ಸ್ಟುಡಿಯೋ ಬಾಗಿಲಲ್ಲಿ ವಿಚಾರಿಸಬಹುದು. ಸ್ಟುಡಿಯೋ ಮುಚ್ಚಿದೆ, ಬಾಗಿಲು ಮಾತ್ರ ಇದೆ.

ನಗುವಂಥದ್ದು ನನ್ನನ್ನೇ ಹುಡುಕಿಕೊಂಡು ಬರುತ್ತದೆ, ಅದೂ ನಗಬಾರದ ಮನೆಗಳಿಗೆ. ಯಾಕೆಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕಿನಲ್ಲಿ ಹಾರ ಹಾಕಿಸಿಕೊಂಡು ಗೋಡೆ ಮೇಲಿರುವವರಲ್ಲಿ ಅರ್ಧ ಜನ ನನ್ನ ಕೈಯಿಂದ ಹೋದವರು. ನಮ್ಮ ವೀರಶೈವರ ಮನೆಗಳಲ್ಲಿ ತೀರಿಕೊಂಡವರನ್ನು ಕೂರಿಸಿ, ವಿಭೂತಿ ಬಳಿದು, ಮನೆಯವರೆಲ್ಲ ಸುತ್ತ ಕೂತು ಕೊನೆಯ ಫೋಟೋ ತೆಗೆಸುತ್ತಾರೆ. ಆ ಗುಂಪಿನಲ್ಲಿ ಅಲುಗಾಡದೆ ಕೂರುವವರು ಒಬ್ಬರೇ. ಕ್ಯಾಮೆರಾ ಹಿಂದೆ ಅಲುಗಾಡದವನೂ ಒಬ್ಬನೇ. ಮೂವತ್ತು ವರ್ಷದಲ್ಲಿ ಈ ಕೈ ಒಮ್ಮೆಯೂ ನಡುಗಿಲ್ಲ.

ನನ್ನ ಅಣ್ಣ ನನಗಿಂತ ದೊಡ್ಡ ಫೋಟೋಗ್ರಾಫರ್ ಅನ್ನುತ್ತಾರೆ ಜನ. ಜನ ಏನು ಬೇಕಾದರೂ ಅನ್ನುತ್ತಾರೆ. ಅವನು ತೀರಿಕೊಂಡಾಗ ಬಿಟ್ಟುಹೋದದ್ದು ಕೆಟ್ಟು ಕೂತ ಒಂದು ರೀಲ್ ಕ್ಯಾಮೆರಾ ಮತ್ತು ಅದರ ರಷ್ಯಾದ ಲೆನ್ಸು. ಬಾಟಲಿ ಮುಚ್ಚಳದ ಹಾಗೆ ತಿರುಗಿಸಿ ಕೂರಿಸುವ ಲೆನ್ಸು. ಗಾಜು ಇನ್ನೂ ಹೊಸದರಂತಿತ್ತು.

ಹೋದ ವರ್ಷ ಅತ್ತಿಗೆಗೆ ಹೊಟ್ಟೆಯಲ್ಲಿ ಗಂಟು ಕಾಣಿಸಿತು. ತುಮಕೂರಿನ ಡಾಕ್ಟರು ತಿಂಗಳುಗಳ ಮಾತಾಡಿದರು, ವರ್ಷದ ಮಾತಾಡಲಿಲ್ಲ. ಊರಿಗೆ ಬಂದ ಮಾರನೇ ದಿನವೇ ಅತ್ತಿಗೆ ನನ್ನನ್ನು ಕರೆಸಿ ಟೀ ಕೊಟ್ಟು, ತನ್ನದೊಂದು ಫೋಟೋ ಇಲ್ಲ ಅಂದಳು. ಅಣ್ಣ ಊರಿನವರನ್ನೆಲ್ಲ ತೆಗೆದ, ಹೆಂಡತಿಗೆ ಮಾತ್ರ ನಲವತ್ತು ವರ್ಷ ‘ನಾಳೆ’ ಅಂದ. ಮದುವೆ ಫೋಟೋದಲ್ಲಿ ತಲೆ ಬಗ್ಗಿಸಿದ್ದಾಳೆ, ಬೈತಲೆ ಬಿಟ್ಟರೆ ಏನೂ ಕಾಣದು. ಉಳಿದದ್ದು ಆಧಾರ್ ಕಾರ್ಡು.

"ಅದನ್ನೇನಾದ್ರೂ ದೊಡ್ಡದು ಮಾಡಿ ಹಾರ ಹಾಕುದ್ರೆ ದೆವ್ವ ಆಗಿ ಬಂದ್ಬುಡ್ತೀನಿ ಕಣಯ್ಯ," ಅಂದಳು. "ನಿಮ್ಮಣ್ಣನ ಆ ಗಾಜು ಊರನ್ನೆಲ್ಲ ನೋಡೈತೆ, ನನ್ನ ನೋಡಿಲ್ಲ. ಅದ್ರಲ್ಲೇ ತೆಗಿ."

ಫೋನಿನಲ್ಲಿ ತೆಗೆಯುತ್ತೇನೆಂದೆ. ಮುಖ ತಿರುಗಿಸಿದಳು. ಸರಿ, ಆ ಲೆನ್ಸನ್ನು ನನ್ನ ಡಿಜಿಟಲ್ ಕ್ಯಾಮೆರಾಗೆ ಕೂರಿಸಬೇಕು. ಎರಡರ ನಡುವೆ ಅಡಾಪ್ಟರ್ ಎಂಬ ರಿಂಗು ಬೇಕು. ರಿಂಗು ಆರಿಸುವುದರಲ್ಲಿ ನನ್ನಷ್ಟು ಜಾಣ ಈ ಸೀಮೆಯಲ್ಲಿಲ್ಲ ಎಂದು ಹೇಳಿ ಹೊರಟೆ.

೧. ಶಿರಾದ ಲೇತು

ಶಿರಾದಲ್ಲಿ ಬೋರ್‌ವೆಲ್ ಪೈಪುಗಳಿಗೆ ಮರೆ, ಅಂದರೆ ತಿರುಪಿನ ಗೆರೆ, ಹಾಕುವ ಲೇತ್ ಮಿಸ್ತ್ರಿಯೊಬ್ಬರಿದ್ದಾರೆ. ಲೆನ್ಸಿನ ತಿರುಪನ್ನು ಉಗುರಿನಲ್ಲಿ ಸವರಿ ನೋಡಿ, "ಕಾಯ್ಕು ಫಿಕರ್ ಭಾಯ್, ಸಂಜೆ ಬನ್ನಿ," ಅಂದರು. ಸಂಜೆ ಹೋದರೆ, ಕ್ಯಾಮೆರಾ ಮುಚ್ಚಳಕ್ಕೆ ತೂತು ಕೊರೆದು ಅದಕ್ಕೊಂದು ಉಕ್ಕಿನ ರಿಂಗು ಕೂರಿಸಿದ್ದರು. ಮೂರು ಬೆರಳು ದಪ್ಪ. ಇಷ್ಟು ದಪ್ಪ ಯಾಕೆಂದೆ. ಆರುನೂರು ಅಡಿಗೆ ಇಳಿಸಿದರೂ ಬಿಚ್ಚಿಕೊಳ್ಳುವುದಿಲ್ಲ ಅಂದರು.

ಬಿಚ್ಚಿಕೊಳ್ಳಲಿಲ್ಲ, ನಿಜ. ಆದರೆ ಲೆನ್ಸು ಅಷ್ಟು ಮುಂದೆ ಹೋದರೆ ಗೇಣಿನಾಚೆ ಏನೂ ಕಾಣುವುದಿಲ್ಲ. ಮಧುಗಿರಿ ಬೆಟ್ಟ ಕಾಣಲಿಲ್ಲ, ಬಸ್ ಸ್ಟ್ಯಾಂಡು ಕಾಣಲಿಲ್ಲ. ಕಡೆಗೆ ಅತ್ತಿಗೆಯ ಮನೆ ಹೊಸಿಲ ಮೇಲೆ ಹೋಗುತ್ತಿದ್ದ ಒಂದು ಇರುವೆ ಕಂಡಿತು. ಎಂಥ ಇರುವೆ! ಮೀಸೆ, ಮೀಸೆಯ ಮೇಲಿನ ಧೂಳು, ಎಲ್ಲ ಕಂಡಿತು. ಇರುವೆಯ ಮೀಸೆ ತೆಗೆದ ಮೊದಲ ಮನುಷ್ಯ ಈ ತಾಲ್ಲೂಕಿನಲ್ಲಿ ನಾನೇ ಎಂದು ಅತ್ತಿಗೆಗೆ ತೋರಿಸಿದೆ.

ಅತ್ತಿಗೆ ನೋಡಿ, "ಇರುವೆ ನಾನು ಹೋದ್ಮೇಲೆ ತಾವೇ ಬತ್ತವೆ. ಈಗ್ಲೇ ಯಾಕೆ ಕರೀತೀಯ?" ಅಂದಳು.

೨. ಹೊಳವನಹಳ್ಳಿಯ ನಿಶ್ಚಿತಾರ್ಥ

ನಮ್ಮ ಕ್ಯಾಮೆರಾದಲ್ಲಿ ಲೆನ್ಸು ಕೂರುವ ಗುಂಡಿ ಆಳ. ರಿಂಗಿನೊಳಗೆ ಒಂದು ಪುಟ್ಟ ಗಾಜು ಇದ್ದರೆ ಮಾತ್ರ ಈ ಲೆನ್ಸಿಗೆ ದೂರ ಕಾಣುತ್ತದೆ ಎಂದು ಆಮೇಲೆ ತಿಳಿಯಿತು. ಗಾಜಿರುವುದನ್ನು ಆನ್‌ಲೈನಿನಲ್ಲಿ ತರಿಸಿದೆ. ಅದರ ಮರೆ ಬೇರೆಯೇ ಇತ್ತು. ಲೆನ್ಸು ಒಂದೂವರೆ ಸುತ್ತು ಹೋಗಿ ನಿಂತಿತು. ಅಲ್ಲಿಗೆ ಬಿಡುವ ಪೈಕಿಯೇ ನಾನು? ಟವೆಲ್ಲು ಸುತ್ತಿ ತಿರುವಿದೆ. ಓರೆ ಟೋಪಿಯ ಹಾಗೆ ವಾರೆಯಾಗಿ ಕಚ್ಚಿಕೊಂಡಿತು, ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

ಅತ್ತಿಗೆಯ ಮೇಲೆ ಪ್ರಯೋಗ ಬೇಡವೆಂದು ಮೊದಲು ಹೊಳವನಹಳ್ಳಿಯ ಒಂದು ನಿಶ್ಚಿತಾರ್ಥಕ್ಕೆ ಒಯ್ದೆ. ಗುಂಪಿನ ಫೋಟೋ ತೆಗೆದು ತೋರಿಸಿದೆ. ಎಡಗಡೆ ಕೂತ ಗಂಡಿನವರು ಅಂಗಿಯ ಗುಂಡಿ ಎಣಿಸುವಷ್ಟು ಸ್ಪಷ್ಟ. ಬಲಗಡೆಯ ಹೆಣ್ಣಿನವರು ಒದ್ದೆ ಗಾಜಿನ ಆಚೆ ನಿಂತವರಂತೆ. ಹುಡುಗಿಯ ಸೋದರಮಾವ ಕ್ಯಾಮೆರಾ ಕಿತ್ತುಕೊಂಡು ನೋಡಿದ.

"ನಮ್ಮನೆ ಚಿರೋಟಿ ತಿಂದು ನಮ್ಮ ಮುಖಾನೇ ಅಳಿಸಿದ್ದೀಯಲ್ಲಲೇ."

ಲೆನ್ಸು ವಾರೆ ಅಂದೆ. ನೀನೇ ವಾರೆ ಅಂದ. ಜಾಗ ಬದಲಿಸಿ ಕೂರಿಸಿದೆ. ಈಗ ಗಂಡಿನ ಸೋದರತ್ತೆ ಅಳಿಸಿಹೋದಳು. ಅವಳು ತಾಂಬೂಲದ ತಟ್ಟೆಯನ್ನು ಹಿಂದಕ್ಕೆ ತಳ್ಳಿದಳು. ಸಂಬಂಧವೇ ಮುರಿಯುವ ಹೊತ್ತಿಗೆ ಯಾರೋ ಹಿರಿಯರು, ಎಡಗಡೆಗೇ ಎಲ್ಲರೂ ಬನ್ನಿ ಅಂದರು. ಎರಡೂ ಕಡೆಯ ಮೂವತ್ತು ಜನ ಎಡಗಡೆಯ ಆರು ಕುರ್ಚಿಗಳಿಗೆ ನುಗ್ಗಿದರು. ಬೀಗರ ತೊಡೆಯ ಮೇಲೆ ಬೀಗರು ಕೂತರು. ಬಲಗಡೆ ಮಂಜಿನಲ್ಲಿ ಖಾಲಿ ಕುರ್ಚಿಗಳು ಮತ್ತು ಸೌಟು ಹಿಡಿದ ಅಡುಗೆಯವನು.

ಮದುವೆ ಆಯಿತು. ಎರಡು ಕುಟುಂಬಗಳನ್ನು ಇಷ್ಟು ಹತ್ತಿರ ತಂದ ಫೋಟೋಗ್ರಾಫರ್ ಇನ್ನೊಬ್ಬನಿದ್ದರೆ ತೋರಿಸಿ.

ಆ ಸಲ ಅತ್ತಿಗೆ ಮಂಚದಿಂದ ಏಳಲಿಲ್ಲ. ಒಳಗೆ ಹೋಗಿ ನೀನೇ ಟೀ ಕಾಯಿಸಿಕೋ ಅಂದಳು. ಫೋಟೋ ನೋಡಿ, ಅರ್ಧ ಮುಖ ಬರುವುದಾದರೆ ಆಧಾರ್ ಕಾರ್ಡೇ ವಾಸಿ ಅಂದಳು.

೩. ಬಲಸಮುದ್ರದ ದೇವರು

ಸೈಕಲ್ ಟ್ಯೂಬ್ ಕಟ್ಟಿ ಎಳೆದು ಲೆನ್ಸು ಬಿಡಿಸುವುದಕ್ಕೆ ಎರಡು ದಿನ ಹಿಡಿಯಿತು. ಮೂರನೇ ರಿಂಗಿನ ಮರೆ ಬೆಣ್ಣೆಯಂತೆ ಕೂತಿತು. ಒಳಗಿನ ಗಾಜು ಮಾತ್ರ ಸೋಡಾ ಬಾಟಲಿಯ ತಳದ ಜಾತಿ.

ಅಷ್ಟರಲ್ಲಿ ಪಾವಗಡದ ಬಲಸಮುದ್ರದಿಂದ ಸಾವಿನ ಕರೆ ಬಂತು. ತೀರಿಕೊಂಡ ಯಜಮಾನ ಊರಲ್ಲಿ ಯಾರೊಂದಿಗೂ ಮಾತು ಉಳಿಸಿಕೊಂಡವನಲ್ಲ. ಅವನ ಕೆಮ್ಮು ಕೇಳಿದರೆ ಎಮ್ಮೆ ಹಾಲು ಇಳಿಸುತ್ತಿರಲಿಲ್ಲವಂತೆ. ಅವನನ್ನು ಅಂಗಳದಲ್ಲಿ ಕೂರಿಸಿದ್ದರು. ಹಿಂದೆ ಕಣ್ಣಿಗೆ ಕಾಣುವಷ್ಟು ದೂರ ಸೋಲಾರ್ ಫಲಕಗಳು ಬಿಸಿಲಿಗೆ ಕೆರೆಯಂತೆ ಹೊಳೆಯುತ್ತಿದ್ದವು. ಆ ಬೆಳಕೆಲ್ಲ ನನ್ನ ಅಗ್ಗದ ಗಾಜಿಗೆ ಹೊಕ್ಕು ಯಜಮಾನನ ತಲೆಯ ಸುತ್ತ ಪ್ರಭಾವಳಿಯಾಗಿ ನಿಂತಿತು. ಮುಖದ ಗಂಟೆಲ್ಲ ಕರಗಿ, ಇನ್ನೇನು ವರ ಕೊಡುತ್ತಾನೆ ಅನ್ನುವ ಹಾಗಾದ.

ಅಳುತ್ತಿದ್ದ ಹೆಂಡತಿ ಕ್ಯಾಮೆರಾ ನೋಡಿ ಅಳು ನಿಲ್ಲಿಸಿದಳು. "ಈಯನ ಮಾ ಆಯನ ಕಾದು." ಇವನು ನಮ್ಮವನಲ್ಲ ಅಂದಳು.

ಅವಳ ತಮ್ಮ, "ಉಂಡನೀ ಅಕ್ಕಾ," ಅಂದ. ಇರಲಿ ಬಿಡು, ಫೋಟೋದಲ್ಲಾದರೂ ಒಳ್ಳೆಯವನಾಗಿರಲಿ ಎಂದು ಸಮಾಧಾನ ಮಾಡಿದ.

ಈಗ ಆ ಊರಲ್ಲಿ ಜಗಳವಾದರೆ ಆ ಫೋಟೋದ ಮುಂದೆ ಆಣೆ ಇಡಿಸುತ್ತಾರೆಂದು ಕೇಳಿದ್ದೇನೆ.

೪. ಒಂದು ಮಾರು

ಪ್ರಭಾವಳಿಯ ಕಥೆ ಹೇಳಿದಾಗ ಅತ್ತಿಗೆ ನಗಲಿಲ್ಲ. ನೀರು ಕೇಳಿದಳು. ಲೋಟ ನಾನೇ ಹಿಡಿದೆ. ಎರಡು ಗುಟುಕು ಕುಡಿದು, ಆ ರಿಂಗಿನೊಳಗಿನ ಗಾಜು ಯಾರದು ಅಂದಳು. ಕಂಪನಿಯದು ಅಂದೆ.

"ಅದನ್ನ ಕಿತ್ತಾಕು. ನಿಮ್ಮಣ್ಣನ ಗಾಜು ನೋಡ್ಲಿ ಅಂದ್ರೆ, ನಡುವೆ ಇನ್ಯಾವ್ದೋ ನೋಡ್ತಾ ಕುಂತೈತಂತೆ."

ಕಿತ್ತರೆ ಒಂದು ಮಾರಿನಾಚೆ ಏನೂ ಕಾಣುವುದಿಲ್ಲ ಎಂದು ವಿವರಿಸಿದೆ.

"ನಾನೇನು ಬೆಟ್ಟವಾ? ಹತ್ರ ಬಾ."

ನಾಲ್ಕು ತಾಲ್ಲೂಕಿನ ಜಾಣನಿಗೆ ಇದು ಹೊಳೆದಿರಲಿಲ್ಲ. ಗಾಜು ಬಿಚ್ಚಿದೆ. ಅತ್ತಿಗೆಯನ್ನು ಎತ್ತಿ ಜಗಲಿಯ ಕುರ್ಚಿಯಲ್ಲಿ ಕೂರಿಸಿದೆ. ಹಗುರವಾಗಿದ್ದಳು. ಹಿಂದೆ ಬೆಟ್ಟ ಬರೀ ಬೂದಿ ಬಣ್ಣದ ಮೋಡದಂತೆ ಕರಗಿತ್ತು. ಮೂವತ್ತು ವರ್ಷ ಹತ್ತು ಅಡಿ ದೂರ ನಿಂತೇ ಮುಖ ತೆಗೆದವನು ನಾನು. ಅಭ್ಯಾಸ ಬಲದಿಂದ ಹಿಂದೆ ಹೋದೆ, ಅತ್ತಿಗೆ ಮಸುಕಾದಳು. ಮುಂದೆ ಬಂದೆ, ಮೂಡಿದಳು. ಇನ್ನೂ ಮುಂದೆ ಬಂದೆ. ನನ್ನ ಹೊಟ್ಟೆ ಅವಳ ಮೊಣಕಾಲಿಗೆ ತಾಗಿತು.

ಅವಳು ಲೆನ್ಸನ್ನೇ ನೋಡುತ್ತಾ, "ನಲವತ್ತು ವರ್ಷದಲ್ಲಿ ನಿಮ್ಮಣ್ಣ ಇಷ್ಟು ಹತ್ರ ಬಂದು ನೋಡಿರ್ಲಿಲ್ಲ ಕಣಯ್ಯ," ಅಂದಳು. ಅಂದವಳಿಗೇ ನಗು ಬಂತು. ಉದುರಿದ ಎರಡು ಹಲ್ಲಿನ ಸಂದಿಯೂ ಕಾಣುವ ನಗು. ಒತ್ತಿದೆ. ಅದ್ಭುತವಾಗಿ ಬಂತು. ರೆಪ್ಪೆಯ ಕೂದಲು ಎಣಿಸಬಹುದಿತ್ತು.

ಇಪ್ಪತ್ತು ದಿನಕ್ಕೆ ಹೋದಳು. ಅವಳನ್ನು ಕೂರಿಸಿ ಕೊನೆಯ ಫೋಟೋ ತೆಗೆಯಲು ನನ್ನನ್ನೇ ಕರೆದರು. ಒಂದು ಇದೆ, ಸಾಕು ಅಂದೆ.

ಹನ್ನೊಂದನೇ ದಿನ ಆ ಫೋಟೋಗೆ ಹಾರ ಹಾಕಿದೆವು. ಹಲ್ಲು ಕಾಣುವ ಫೋಟೋ ಗೋಡೆಗೆ ಹಾಕುತ್ತಾರೆಯೇ ಎಂದು ನೆಂಟರು ಗೊಣಗಿದರು. ಅಷ್ಟರಲ್ಲಿ ಕೊಳಾಲದ ದೊಡ್ಡಮ್ಮ ಬಂದಳು. ಸಾವಿನ ಮನೆಯಲ್ಲಿ ಅವಳ ಹಾಗೆ ಅಳುವವರು ನಮ್ಮ ಬಳಗದಲ್ಲಿಲ್ಲ. ಬಸ್ ಇಳಿದಲ್ಲಿಂದಲೇ ರಾಗ ಎತ್ತಿ, ಎದೆ ಬಡಿದುಕೊಂಡು, ಬಾಗಿಲು ದಾಟಿ, ಫೋಟೋದ ಮುಂದೆ ನಿಂತು ತಲೆ ಎತ್ತಿದಳು. ರಾಗ ಗಂಟಲಲ್ಲೇ ನಿಂತಿತು. ಸೆರಗು ಬಾಯಿಗೆ ಒತ್ತಿಕೊಂಡಳು. ಭುಜ ಕುಣಿಯಿತು. "ಇವಳ ಮುಂದೆ ಹೆಂಗಮ್ಮ ಅಳೋದು," ಎಂದು ಕೂತುಬಿಟ್ಟಳು. ಆಮೇಲೆ ಮನೆ ತುಂಬ ನಗು. ಸ್ವಾಮಿಗಳೂ ವಿಭೂತಿ ಗಟ್ಟಿ ಹುಡುಕುವ ನೆಪದಲ್ಲಿ ಅತ್ತ ತಿರುಗಿದರು.

ಎಲ್ಲ ನಿಜ. ಒಂದು ಸಣ್ಣ ವಿವರ ಮಾತ್ರ ನಾನು ಕಟ್ಟಿದ್ದು. ರೆಪ್ಪೆಯ ಕೂದಲು ಎಣಿಸಬಹುದಿತ್ತು ಅಂದೆನಲ್ಲ, ಅದು ಸುಳ್ಳು. ಒತ್ತುವಾಗ ಕೈ ನಡುಗಿತ್ತು. ಗೋಡೆಯ ಮೇಲೆ ಅಣ್ಣ, ಅಪ್ಪ, ತಾತ ಎಲ್ಲ ಕಲ್ಲಿನಂತೆ ಕೂತಿದ್ದಾರೆ. ಅತ್ತಿಗೆ ಒಬ್ಬಳು ಸ್ವಲ್ಪ ಅಲುಗಾಡುತ್ತಿದ್ದಾಳೆ.