ಇಂಗ್ಲಿಷರ ‘ನೀಡಿ’, ಬಿಂದಪ್ಪನ ಅಡಕೊತ್ತು

ನನಗೆ ಯಾರ ಹಂಗೂ ಇಲ್ಲ ಎಂದು ಎಪ್ಪತ್ತಮೂರು ವರ್ಷ ಹೇಳಿಕೊಂಡು ಬಂದವನು ನಾನು. ಹಾಗೆ ಹೇಳಿಕೊಳ್ಳಲು ದಿನಕ್ಕೆ ಮೂರು ಸಲ ಇನ್ನೊಬ್ಬರ ಮನೆಗೆ ಹೋಗಬೇಕಾಗುತ್ತಿತ್ತು, ಅದು ಬೇರೆ ಮಾತು. ಕರೆಂಟಿನ ಇಲಾಖೆಯಲ್ಲಿ ನೌಕರಿಗಿದ್ದಾಗ, ಮಧ್ಯಾಹ್ನ ಸಾಹೇಬರಿಗೆ ಜೊಂಪು ಹತ್ತುವ ಹೊತ್ತಿಗೆ ಸರಿಯಾಗಿ ಅವರ ಫ್ಯಾನಿನ ಫ್ಯೂಜು ಕೀಳುತ್ತಿದ್ದೆ. ಅವರು ಬೆವೆತು ಕೂಗಿದ ಮೇಲೆ ಏಣಿ ಹೊತ್ತು ಹೋಗಿ, ಕಿತ್ತದ್ದನ್ನೇ ಮತ್ತೆ ಹಾಕಿ, ಶಹಬಾಸ್ ಎನ್ನಿಸಿಕೊಂಡು ಚಹಾ ಕುಡಿದು ಬರುತ್ತಿದ್ದೆ. ಇಡೀ ಆಫೀಸಿನಲ್ಲಿ ನನ್ನಷ್ಟು ಎಲ್ಲರಿಗೂ ಬೇಕಾದ ಮನುಷ್ಯ ಇನ್ನೊಬ್ಬನಿರಲಿಲ್ಲ. ಇಂಥ ನನ್ನನ್ನು ಈ ವಯಸ್ಸಿನಲ್ಲಿ ಒಂದು ಇಂಗ್ಲಿಷ್ ಪದ ಚಿತ್ ಮಾಡಿತು. ಆದರೂ ಆ ಪದದ ಮೇಲೆ ನನಗೆ ಸಿಟ್ಟಿಲ್ಲ. ಸೋತರೂ ಒಳ್ಳೆಯ ಪೈಲವಾನನ ಕೈಯಲ್ಲೇ ಸೋತಿದ್ದೇನೆ.

ನನ್ನ ಸೊಸೆ ಪ್ರತಿಭಾ ಹುಬ್ಬಳ್ಳಿಯ ವಿದ್ಯಾನಗರದ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಾಳೆ. ನಾವಿರುವುದು ಧಾರವಾಡದಲ್ಲಿ, ಲಕಮನಹಳ್ಳಿಯ ಕಡೆ. ರವಿವಾರ ಅವಳು ಊಟದ ಟೇಬಲ್ಲಿನ ಮೇಲೆ ಪರೀಕ್ಷೆಯ ಪೇಪರು ಹರವಿಕೊಂಡು ತಿದ್ದುತ್ತಿದ್ದರೆ, ನಾನು ಎದುರು ಕೂತು ಶೇಂಗಾ ಸುಲಿಯುತ್ತ ಅವುಗಳಲ್ಲಿ ಇಣುಕುತ್ತೇನೆ. ಆವತ್ತು ‘ನೀಡಿ’ ಪದ ಬಳಸಿ ವಾಕ್ಯ ಬರೆಯಿರಿ ಎಂದು ಪ್ರಶ್ನೆ ಇತ್ತು. ಪಂಕ್ತಿಯಲ್ಲಿ ಬಡಿಸುವವರಿಗೆ ನಾವು ಹೇಳುವ ನೀಡಿ ಅಲ್ಲ, ಇದು ಇಂಗ್ಲಿಷರದು. ನೀಡಿ ಜನರಿಗೆ ಸಹಾಯ ಮಾಡಬೇಕು ಎಂದು ಹುಡುಗರೆಲ್ಲ ಒಂದೇ ಅಚ್ಚಿನಲ್ಲಿ ಬರೆದಿದ್ದರು. ಬಡವರು, ಕೈ ಖಾಲಿ ಇದ್ದವರು ಎಂಬ ಅರ್ಥ ನನಗೂ ಗೊತ್ತಿತ್ತು. ಒಬ್ಬ ಹುಡುಗಿ ಮಾತ್ರ, ನನ್ನ ಗೆಳೆಯ ಬಹಳ ನೀಡಿ, ದಿನಕ್ಕೆ ಇಪ್ಪತ್ತು ಸಲ ಫೋನು ಮಾಡುತ್ತಾನೆ ಎಂದು ಬರೆದು ಪೂರ್ತಿ ಮಾರ್ಕು ಹೊಡೆದಿದ್ದಳು. ಅಷ್ಟು ಬಡವನಾದರೆ ಅವನ ಫೋನಿಗೆ ಕರೆನ್ಸಿ ಯಾರು ಹಾಕಿಸುತ್ತಾರೆ ಎಂದು ನಾನು ಕೇಳಿದೆ. ಪ್ರತಿಭಾ ಪೆನ್ನು ಕೆಳಗಿಟ್ಟು ತಿಳಿಸಿ ಹೇಳಿದಳು. ಈಗ ಇಂಗ್ಲಿಷ್ ಮಾತಾಡುವವರು ಆ ಪದವನ್ನು ಇಂಥವರಿಗೂ ಬಳಸುತ್ತಾರಂತೆ. ಹೊಟ್ಟೆ ತುಂಬಿರುತ್ತದೆ, ಆದರೂ ಯಾರಾದರೂ ತನ್ನನ್ನು ವಿಚಾರಿಸುತ್ತಲೇ ಇರಬೇಕು, ಒಂದು ದಿನ ವಿಚಾರಿಸದಿದ್ದರೆ ಜೀವ ಚಡಪಡಿಸುತ್ತದೆ, ಅಂಥವರಿಗೆ. ಬಡವನಿಗೆ ಹೇಳುವಾಗ ದನಿಯಲ್ಲಿ ಕನಿಕರ ಇರುತ್ತದೆ, ಇವನಿಗೆ ಹೇಳುವಾಗ ತುಟಿ ಸ್ವಲ್ಪ ಸೊಟ್ಟಗಾಗುತ್ತದೆ, ಅಷ್ಟೇ ವ್ಯತ್ಯಾಸ ಎಂದಳು.

ನಾನು ಶೇಂಗಾ ಬಿಟ್ಟು ಆ ಪೇಪರಿಗೆ ಕೈ ಮುಗಿದೆ. ಅನ್ನಕ್ಕೆ ಹಸಿದವನನ್ನೂ ಮಾತಿಗೆ ಹಸಿದವನನ್ನೂ ಒಂದೇ ಸಾಲಿನಲ್ಲಿ ಎಲೆ ಹಾಕಿ ಕೂಡಿಸಿದ ಜನ ಎಂಥ ಶಾಣ್ಯಾ ಇರಬೇಕು! ನಮ್ಮಲ್ಲಿ ಬಡವನಿಗೆ ಹತ್ತು ಹೆಸರಿವೆ. ಎರಡನೆಯವನಿಗೆ ಒಂದೂ ಇಲ್ಲ, ಏಕೆಂದರೆ ನಮ್ಮ ಓಣಿಯಲ್ಲಿ ಎಲ್ಲರೂ ಅವರೇ. ಹೆಪ್ಪಿಗೆ ಒಂದು ಚಮಚ ಮೊಸರು ಕೇಳಲು ಬಂದ ಅಂಬಕ್ಕ ಒಂದು ತಾಸು ಕೂತು, ಮೊಸರು ಮರೆತು ಹೋಗುತ್ತಾಳೆ. ಮಾತಾಡಲು ಬಂದೆ ಎಂದು ಅವಳೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಇದನ್ನೆಲ್ಲ ವಿವರಿಸಿ, ಇಡೀ ಓಣಿಯಲ್ಲಿ ನಾನೊಬ್ಬನೇ ಹೀಗಲ್ಲ ಎಂದು ಎದೆ ಉಬ್ಬಿಸಿದೆ.

“ಸಿಟ್ಟಿಗೇಳಬ್ಯಾಡ್ರಿ ಮಾವಾರ,” ಎಂದಳು ಪ್ರತಿಭಾ. “ಬಿಂದಪ್ಪ ಕಾಕಾರ ಮನಿಗೆ ದಿನಕ್ಕ ಮೂರ ಸಲ ಹೋಗತೀರಲ್ರಿ, ಅದಕ್ಕ ಏನಂತಾರ?”

“ಪಾಪ, ಅವಗ ಹೊತ್ತು ಹೋಗೂದಿಲ್ಲವಾ. ಅವಗ ನಾ ಬೇಕು.”

“ಹಂಗಾರ ಎಂಟ ದಿನಾ ಹೋಗಬ್ಯಾಡ್ರಿ. ಫೋನೂ ಬ್ಯಾಡ. ಯಾರಿಗೆ ಯಾರು ಬೇಕು, ನೋಡೇಬಿಡೂಣು.”

ಪಂದ್ಯ ನಿಕ್ಕಿಯಾಯಿತು. ನಾನು ಗೆದ್ದರೆ ಅವಳು ಆ ಪದವನ್ನು ನನ್ನ ವಿಷಯದಲ್ಲಿ ಎಂದೂ ಎತ್ತಬಾರದು. ಸೋತರೆ ನಾನು ಬಿಂದಪ್ಪನ ಎದುರು ನಿಂತು, ನೀನಿಲ್ಲದೆ ನನಗೆ ಆಗುವುದಿಲ್ಲ ಎಂದು ಬಾಯಿ ಬಿಟ್ಟು ಹೇಳಬೇಕು. ಈ ಶಿಕ್ಷೆಯ ತೂಕ ಓದುಗರಿಗೆ ತಿಳಿಯಬೇಕು. ನಲವತ್ತು ವರ್ಷಗಳ ಗೆಳೆತನದಲ್ಲಿ ನಾವಿಬ್ಬರೂ ಬೈಗುಳ ಬಿಟ್ಟು ಬೇರೆ ಪ್ರೀತಿಯ ಮಾತು ಆಡಿದವರಲ್ಲ.

ಆದರೆ ಫ್ಯೂಜು ಕೀಳುವ ಕೈ ಸುಮ್ಮನಿರುತ್ತದೆಯೇ? ಪಂದ್ಯ ಶುರುವಾಗುವುದು ಮರುದಿನದಿಂದ. ಆ ಸಂಜೆಯೇ ನಾಲ್ಕು ಮನೆ ಆಚೆಗಿದ್ದ ಬಿಂದಪ್ಪನಲ್ಲಿಗೆ ಹೋದೆ. ಅವನು ರೈಲ್ವೆಯಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು, ಮಾತು ಕಡಿಮೆ. ನಾನು ಅಡಕೊತ್ತು ಹಿಡಿದು ಅಡಿಕೆ ಕತ್ತರಿಸುತ್ತ ಹರಟುವುದು, ಅವನು ಪೇಪರು ಓದುತ್ತ ಹೂಂ ಅನ್ನುವುದು ನಮ್ಮ ನಿತ್ಯದ ಕ್ರಮ. ಬರುವಾಗ ಆ ಹಿತ್ತಾಳೆಯ ಅಡಕೊತ್ತನ್ನು ಮೆಲ್ಲಗೆ ಕಿಸೆಗಿಳಿಸಿದೆ. ಅಡಿಕೆ ಬೇಕಾದವನು ಹುಡುಕಿಕೊಂಡು ಬರಲೇಬೇಕು ಎಂಬುದು ನನ್ನ ಲೆಕ್ಕ.

ಮೂರು ದಿನವಾದರೂ ಬಿಂದಪ್ಪ ಬರಲಿಲ್ಲ. ನಾಲ್ಕನೆಯ ದಿನ ನೀರಿನ ಟ್ಯಾಂಕು ನೋಡುವ ನೆವದಿಂದ ಮಾಳಿಗೆ ಹತ್ತಿದೆ. ಆಸಾಮಿ ಕಟ್ಟೆಯ ಮೇಲೆ ಆರಾಮಾಗಿ ಪೇಪರು ಓದುತ್ತಿದ್ದ. ಐದನೆಯ ದಿನ ನನಗೊಂದು ಭರ್ಜರಿ ಚೇಷ್ಟೆಯ ಮಾತು ಹೊಳೆಯಿತು. ಹೇಳಲು ಬೇರೆ ಯಾರೂ ಸಿಗದೆ ಹಾಲಿನವನಿಗೆ ಹೇಳಿದೆ. ಅವನು ಹೌದ್ರಿ ಎಂದು ಗಾಡಿ ಹತ್ತಿ ಹೋದ. ಆರನೆಯ ದಿನ ಹೆದರಿಕೆ ಹತ್ತಿತು. ಬಿಂದಪ್ಪನಿಗೆ ನನ್ನ ಮೇಲೆ ಸಿಟ್ಟು ಬಂದಿದ್ದರೆ ಹೇಗೋ ಸಂಭಾಳಿಸಬಹುದು. ನಾನಿಲ್ಲದೆ ಅವನಿಗೆ ಛಲೋ ಅನ್ನಿಸಿಬಿಟ್ಟಿದ್ದರೆ? ಅಡಕೊತ್ತು ಕಿಸೆಗಿಟ್ಟು, ಚಪ್ಪಲಿ ಮೆಟ್ಟಿ ಹೊರಟೆ.

ಬಿಂದಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. ಎದುರು ನಿಂತು ಬಾಯಿ ತೆರೆದೆ, ಕನ್ನಡ ಹೊರಡಲಿಲ್ಲ. ಇಂಗ್ಲಿಷಿನಲ್ಲಾದರೆ ಬೇರೆ ಯಾರೋ ಹೇಳಿದಂತಿರುತ್ತದೆ ಎಂದು, “ಬಿಂದಪ್ಪಾ, ಐ ಆ್ಯಮ್ ಎ ನೀಡಿ ಮ್ಯಾನ್,” ಎಂದೆ.

“ಗೊತ್ತೈತಿ. ಕುಂದರು. ಕಿಸೆದಾಗಿನ ಅಡಕೊತ್ತು ತಗಿ.”

ಗೊತ್ತಿದ್ದರೆ ಕೇಳಲು ಯಾಕೆ ಬರಲಿಲ್ಲ ಎಂದು ಜಗಳಕ್ಕೆ ನಿಂತೆ. ಅವನು ಎದ್ದು ಕಪಾಟಿನಿಂದ ಒಂದು ದೊಡ್ಡ ಬಿಸ್ಕಿಟಿನ ಡಬ್ಬಿ ತಂದು ಮುಚ್ಚಳ ತೆಗೆದ. ಕಂಠಮಟ ಅಡಿಕೆಯ ಚೂರು. ಎರಡು ವರ್ಷದ ಹಿಂದೆ ದವಡೆ ಹಲ್ಲು ಕೀಳಿಸಿದಾಗಲೇ ಡಾಕ್ಟರು ಅಡಿಕೆ ಬಿಡಿಸಿದ್ದರಂತೆ. ಅಂದಿನಿಂದ ನಾನು ಕತ್ತರಿಸಿದ್ದೆಲ್ಲ ಅದರಲ್ಲಿತ್ತು. ಎರಡು ವರ್ಷ ಎದುರೆದುರು ಕೂತವನ ಬಾಯಿ ಅಲ್ಲಾಡುತ್ತಿಲ್ಲ ಎಂಬುದು, ನನ್ನ ಬಾಯಿಯ ಗದ್ದಲದಲ್ಲಿ, ನನಗೆ ಕಂಡಿರಲೇ ಇಲ್ಲ.

“ಮತ್ತ ಪ್ರತಿ ವಾರ ಅಡಕಿ ಯಾಕ ತರತಿದ್ದಿ?” ಎಂದೆ.

ಅವನು ಪೇಪರಿನ ಹಾಳೆ ತಿರುವಿದ. “ನೆವಾ ಇಲ್ಲದ ಬರೋ ಪೈಕಿ ಏನ ನೀ?”

ಚೇಷ್ಟೆಯಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದುಕೊಂಡಿದ್ದೆ. ಈ ಮನುಷ್ಯ ಎರಡು ವರ್ಷ ಕಮಕ್ ಕಿಮಕ್ ಅನ್ನದೆ ನನ್ನ ಫ್ಯೂಜು ಕೀಳುತ್ತ, ಹಾಕುತ್ತ ಕೂತಿದ್ದ. ಅಡಕೊತ್ತು ತೆಗೆದು, ಕೂತು ಅಡಿಕೆ ಕತ್ತರಿಸಿದೆ.

ಮನೆಗೆ ಬಂದಾಗ ಪ್ರತಿಭಾ ಬಾಗಿಲಲ್ಲೇ ನಿಂತಿದ್ದಳು. ಪರರ ವಸ್ತು ತಿರುಗಿ ಕೊಡಲು ಹೋಗಿದ್ದೆ, ಅದು ಪ್ರಾಮಾಣಿಕತೆ, ಪಂದ್ಯಕ್ಕೆ ಸಂಬಂಧವಿಲ್ಲ ಎಂದು ವಾದಿಸಿದೆ. ಅವಳು ನನ್ನ ಅಂಗಿಯ ಕಿಸೆಯತ್ತ ಬೆರಳು ಮಾಡಿದಳು. ಹಿತ್ತಾಳೆಯ ಭಾರಕ್ಕೆ ಅದು ಜೋತು ಬಿದ್ದಿತ್ತು. ಏನು ಮಾಡಲಿ, ವಯಸ್ಸಾಯಿತು, ಕೊಡುವುದು ಮರೆತುಹೋಗಿದೆ. ನಾಳೆ ಬೆಳಿಗ್ಗೆ ಎದ್ದ ಕೂಡಲೇ ಹೋಗಿ ಕೊಟ್ಟು ಬರಬೇಕು. ಆಗಲೂ ಮರೆತರೆ ಮಧ್ಯಾಹ್ನ ಇನ್ನೊಮ್ಮೆ ಹೋದರಾಯಿತು.