ಮೂರೂವರೆ ನಂಬರಿನ ಸ್ಯಾಂಡ್‌ವಿಚ್

ನಮ್ಮ ಮನೆಗೆ ಬ್ರೆಡ್ ಬಂದ ದಿನ ಏನಾದರೊಂದು ಅವಾಂತರ ಆಗದೆ ಹೊತ್ತು ಮುಳುಗುವುದಿಲ್ಲ. ಒಂದು ಸಲ ಆದರೆ ಗ್ರಹಚಾರ ಎಂದು ಸುಮ್ಮನಿರಬಹುದು. ಹೋದ ವರ್ಷದಿಂದ ಇದು ರೂಢಿಯೇ ಆಗಿಬಿಟ್ಟಿದೆ. ಇದಕ್ಕೆಲ್ಲ ಮೂಲ ನಮ್ಮ ಅತ್ತೆ, ಅವರ ಒಂದು ಹಳೆಯ ನೋಟ್‌ಬುಕ್ಕು, ಮತ್ತು ಬುದ್ಧಿ ಇದ್ದವಳಾದರೆ ಎಂದೋ ಬಿಟ್ಟುಬಿಡಬೇಕಾಗಿದ್ದ ನನ್ನ ಹಟ.

ಅತ್ತೆ ಕಲಘಟಗಿಯಲ್ಲಿ ಹುಡುಗಿಯರಿಗೆ ಗೃಹವಿಜ್ಞಾನ ಕಲಿಸುತ್ತಿದ್ದ ಟೀಚರು, ಊರಿಗೆಲ್ಲ ‘ಅಕ್ಕೋರು’. ನೌಕರಿ ಅವರನ್ನು ಬಿಟ್ಟು ಬಹಳ ವರ್ಷವಾಯಿತು, ಅವರು ನೌಕರಿಯನ್ನು ಬಿಟ್ಟಿಲ್ಲ. ಊಟಕ್ಕೆ ಕೂತರೆ ಮೊದಲ ತುತ್ತಿಗೇ ಹತ್ತಕ್ಕೆ ಇಷ್ಟು ಎಂದು ನಂಬರು ಕೊಡುತ್ತಾರೆ. ನಾನು ಮದುವೆಯಾಗಿ ಬಂದ ಮೊದಲ ವಾರ ಬದನೆಕಾಯಿ ಎಣ್ಣೆಗಾಯಿ ಮಾಡಿ ಬಡಿಸಿದಾಗ, ಒಂದು ತುತ್ತು ಬಾಯಿಗಿಟ್ಟು “ಮೂರೂವರಿ” ಎಂದರು. ಹೊಸ ಸೊಸೆ, ನನಗೇನು ಗೊತ್ತು? ಮೂರು ರೊಟ್ಟಿ ಹಾಕಿ, ಇನ್ನೊಂದನ್ನು ಮುರಿದು ಅರ್ಧ ಹಾಕಿದೆ. ಗಂಡ ಮೆಲ್ಲಗೆ, “ಅದು ನಂಬರು. ಪಾಸಾದಿ, ಚಿಂತಿ ಮಾಡಬ್ಯಾಡ” ಎಂದರು.

ಇಪ್ಪತ್ತಾರು ವರ್ಷವಾಯಿತು. ಹೋಳಿಗೆಗೆ ಮೂರೂವರೆ, ಗೋಧಿ ಹುಗ್ಗಿಗೆ ಮೂರೂವರೆ, ನನ್ನ ಅಪ್ಪ ತೀರಿಕೊಂಡ ವಾರ ಕಣ್ಣೊರೆಸಿಕೊಳ್ಳುತ್ತ ಮಾಡಿದ ಸಾರಿಗೂ ಮೂರೂವರೆ. ಬಮ್ಮಿಗಟ್ಟಿ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನೂ ವಿಜ್ಞಾನ ಕಲಿಸುತ್ತೇನೆ. ಬರೇ ಪ್ರಶ್ನೆಯನ್ನೇ ತಿರುಗಿ ಬರೆದಿಟ್ಟು ಹೋದವರಿಗೂ ಅರ್ಧ ನಂಬರು ಕೂಡಿಸಿ ದಾಟಿಸಿದವಳು ನಾನು. ನನಗೆ ಆ ಅರ್ಧ ಯಾರೂ ಕೂಡಿಸಲಿಲ್ಲ. ಹತ್ತು ಬೇಡವಾಗಿತ್ತು ನನಗೆ. ನಾಲ್ಕು ಸಾಕಾಗಿತ್ತು. ನಮ್ಮಿಬ್ಬರಲ್ಲಿ ಒಬ್ಬರು ಸಾಯುವುದರೊಳಗೆ, ಒಂದೇ ಒಂದು ಸಲ, ನಾಲ್ಕು.

ಹೋದ ವರ್ಷ ಟ್ರಂಕಿನಲ್ಲಿ ಹೊದೆಯುವ ಕೌದಿ ಹುಡುಕುವಾಗ ಅತ್ತೆಯ ನೋಟ್‌ಬುಕ್ಕು ಸಿಕ್ಕಿತು. ಹಳ್ಳಿಯ ಹುಡುಗಿಯರಿಗೆ ಹೊಸ ಕಾಲದ ತಿಂಡಿ ಕಲಿಸಬೇಕೆಂದು ಅವರು ಆಗ ಬರೆದುಕೊಂಡ ಹದಿನೆಂಟು ಸ್ಯಾಂಡ್‌ವಿಚ್ಚುಗಳು ಅದರಲ್ಲಿದ್ದವು. ಬಟಾಣಿ ಮತ್ತು ಬಾಳೆಹಣ್ಣು. ತಣ್ಣನೆಯ ಅನ್ನ ಮತ್ತು ಸೌತೆಕಾಯಿ. ಶೇಂಗಾ, ಬೆಲ್ಲ, ಮೂಲಂಗಿ. ಒಂದೊಂದರ ಕೆಳಗೂ ‘ಗುಣ’ ಎಂದು ಬರೆದು ಸ್ಕೇಲು ಹಿಡಿದು ಗೀಟು ಎಳೆದಿದ್ದರು. ಗುಣ: ಪೌಷ್ಟಿಕ. ಗುಣ: ರಕ್ತವರ್ಧಕ. ರುಚಿ ಎಂಬ ಶಬ್ದ ಮಾತ್ರ ಇಡೀ ಪುಸ್ತಕದಲ್ಲಿ ಒಂದು ಸಲವೂ ಇರಲಿಲ್ಲ. ನಾನು ನಕ್ಕದ್ದು ಅತ್ತೆಗೆ ಕೇಳಿಸಿತು.

“ನಗಬ್ಯಾಡ. ಇದರಾಗಿಂದು ಒಂದರೆ ನೆಟ್ಟಗ ಮಾಡಿ ತೋರಸು. ನಾಕು ಕೊಡತೇನಿ” ಎಂದರು.

೧. ಯಾರಿಗೆ ಆರಾಮಿಲ್ಲ?

ನಮ್ಮ ಕಡೆ ಬ್ರೆಡ್ ಎಂದರೆ ಜ್ವರದ ಊಟ. ಆರಾಮಿದ್ದವರು ರೊಟ್ಟಿ ತಿನ್ನುತ್ತಾರೆ, ಆರಾಮಿಲ್ಲದವರು ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿಕೊಂಡು ತಿನ್ನುತ್ತಾರೆ. ಹಟದ ಭರದಲ್ಲಿ ಇದು ನನಗೆ ಮರೆತೇಹೋಗಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರದ ಬೇಕರಿಯಲ್ಲಿ ಎರಡು ದೊಡ್ಡ ಬ್ರೆಡ್ ಕೇಳಿದೆ. ಬೇಕರಿಯವರು ಕಟ್ಟುತ್ತಿದ್ದ ಕೈ ನಿಲ್ಲಿಸಿದರು.

“ಅಕ್ಕೋರಿಗೇನ್ರಿ? ಎರಡು ಅಂದ್ರ ಭಾಳ ಆಗೈತೇನು?”

“ಯಾರಿಗೂ ಏನೂ ಆಗಿಲ್ರಿ. ಸ್ಯಾಂಡ್‌ವಿಚ್ ಮಾಡಬೇಕು.”

“ಆತ್ ಬಿಡ್ರಿ. ಧೈರ್ಯಾ ತಗೋರಿ” ಎಂದು ಒಂದು ಟೋಸ್ಟಿನ ಪಾಕೀಟನ್ನೂ ಮೇಲಿಟ್ಟು ಕೊಟ್ಟರು.

ಮನೆಗೆ ಬಂದು ಬೇಯಿಸಿದ ಬಟಾಣಿ, ಬಾಳೆಹಣ್ಣು, ಕರಿಮೆಣಸಿನ ಪುಡಿ ಕೂಡಿಸಿ ಕಿವುಚಿದೆ. ಗೋಡೆಗೆ ಬಳಿಯುವ ಹಸಿರು ಬಣ್ಣದ ಹಾಗೆ ಆಯಿತು. ಅದನ್ನು ಬ್ರೆಡ್ಡಿಗೆ ಹಚ್ಚುವುದರೊಳಗೆ ಎದುರುಮನೆ ಕಾಕು ಎಳನೀರು ಹಿಡಿದುಕೊಂಡು ಬಂದರು. ಅವರ ಹಿಂದೆ ಮೋಸಂಬಿ ಹಿಡಿದುಕೊಂಡು ಇನ್ನಿಬ್ಬರು. ಎಲ್ಲರೂ ಸಪ್ಪಳ ಮಾಡದೆ ಚಪ್ಪಲಿ ಬಿಟ್ಟರು. ಅತ್ತೆ ಪಡಸಾಲೆಯಲ್ಲಿ ಕಾಲು ಚಾಚಿಕೊಂಡು ಜೋಳ ಹಸನು ಮಾಡುತ್ತಿದ್ದರು.

“ಎದ್ದು ಕುಂತಾರಲ್ಲ, ದೇವರು ದೊಡ್ಡಾಂವ” ಎಂದು ಕಾಕು ಕೈ ಮುಗಿದರು.

ಬಂದವರಿಗೆ ಏನಾದರೂ ಕೊಡಬೇಕಲ್ಲ, ಅದನ್ನೇ ಕೊಟ್ಟೆ. ಕಾಕು ಒಂದು ತುಣುಕು ಕಚ್ಚಿದರು, ಬಹಳ ಹೊತ್ತು ಅಗಿದರು, ಆಮೇಲೆ ಅತ್ತೆಯ ಕಡೆ ಮೊದಲಿಗಿಂತ ಹೆಚ್ಚು ಮರುಕದಿಂದ ನೋಡಿ, “ಇದನ್ನ ಡಾಕ್ಟರು ಬರದುಕೊಟ್ಟಾರೇನ್ರಿ? ಎಷ್ಟು ದಿನ ತಗೋಬೇಕಂತ?” ಎಂದು ಕೇಳಿದರು.

ಅತ್ತೆ ಮೊರ ಕೆಳಗಿಟ್ಟರು. “ನನಗೇನಾಗೈತಿ? ಇಪ್ಪತ್ತಾರು ವರ್ಷ ಇಕಿ ಕೈಯಾಗ ಉಂಡು ಗಟ್ಟಿ ಇದ್ದೇನಿ. ಇನ್ನ ಯಾವ ಜಡ್ಡು ನನ್ನ ಏನ್ ಮಾಡತೈತಿ?”

ಸ್ಯಾಂಡ್‌ವಿಚ್ಚಿಗೆ ಮೂರೂವರೆ ಸಿಕ್ಕಿತು. ಎಳನೀರಿಗೆ ಎಂಟು ಕೊಟ್ಟರು.

೨. ಎಮ್ಮೆಯ ಅಭಿಪ್ರಾಯ

ನನ್ನ ಗಂಡ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ತಾಯಿ ಮತ್ತು ಹೆಂಡತಿಯ ನಡುವೆ ಇಷ್ಟು ವರ್ಷ ಬದುಕಿ ಉಳಿದಿದ್ದೇ ಒಂದು ಮಾತಿನಿಂದ: “ಛಲೋ ಐತಿ.” ಯಾರು ಏನು ಬಡಿಸಿದರೂ ಛಲೋ ಐತಿ. ಅತ್ತೆಯ ಮೂರೂವರೆಯಿಂದ ಬೇಜಾರಾದಾಗ ನಾನು ಆ ಮಾತನ್ನೇ ನಂಬಿಕೊಂಡು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಶೇಂಗಾ, ಬೆಲ್ಲ, ಮೂಲಂಗಿಯ ಸ್ಯಾಂಡ್‌ವಿಚ್ಚಿನ ಕೆಳಗೆ ‘ಗುಣ: ಕಚೇರಿಗೆ ಹೋಗುವ ಗಂಡಸರಿಗೆ ಉತ್ತಮ’ ಎಂದಿತ್ತು. ಕೈ ಪಳಗಲಿ ಎಂದು ಸೋಮವಾರದಿಂದ ದಿನಾ ನಾಲ್ಕು ಕಟ್ಟಿಕೊಟ್ಟೆ. ಡಬ್ಬಿ ದಿನಾ ತೊಳೆದಿಟ್ಟಷ್ಟು ಸ್ವಚ್ಛವಾಗಿ ಬಂತು.

“ಹೆಂಗಿತ್ತು?”

“ಛಲೋ ಇತ್ತು.” ಆಮೇಲೆ ಪಡಸಾಲೆಯ ಕಡೆ ತಿರುಗಿ, “ಅವ್ವಾ, ನಿನ್ನ ಪುಸ್ತಕಾ ಅಂದ್ರ ಪುಸ್ತಕ” ಎನ್ನುತ್ತಿದ್ದರು.

ಶನಿವಾರ ನಮಗೆ ಬೆಳಗಿನ ಶಾಲೆ. ಬೇಗ ಬಿಟ್ಟಿತು, ಅವರನ್ನು ಕರೆದುಕೊಂಡು ಹೋದರಾಯಿತೆಂದು ಕಚೇರಿಗೆ ಹೋದೆ. ಕುರ್ಚಿಯಲ್ಲಿ ಇರಲಿಲ್ಲ. ಹಿಂದಿನ ಚಹಾದಂಗಡಿಯ ಬಾಜೂಕೆ ಕಟ್ಟಿದ ಎಮ್ಮೆಯ ಮುಂದೆ ನಿಂತು, ಡಬ್ಬಿ ತೆಗೆದು, ನನ್ನ ಸ್ಯಾಂಡ್‌ವಿಚ್ಚನ್ನು ಅದರ ಮೂತಿಗೆ ಹಿಡಿದು “ತಿನ್ನs, ಛಲೋ ಐತಿ” ಎನ್ನುತ್ತಿದ್ದರು. ಎಮ್ಮೆ ಮೂಸಿ ನೋಡಿ ಮುಖ ತಿರುಗಿಸಿತು. ಅವರು ಆ ಕಡೆ ಹೋಗಿ ಹಿಡಿದರು. ಅದು ಈ ಕಡೆ ತಿರುಗಿಸಿತು.

ಚಹಾದಂಗಡಿಯ ಹೆಂಗಸು ಒಳಗಿನಿಂದ, “ಸಾಕ್ರಿ ಸಾಹೇಬ್ರ, ಕೈ ಮುಗಿತೇನಿ. ಮೂರು ದಿವಸಾತು, ಹಾಲು ಕೊಡವಲ್ದು ಅದು” ಎಂದಳು.

ನಾನು ಅಲ್ಲಿಂದಲೇ ತಿರುಗಿ ಮನೆಗೆ ಬಂದೆ. ಇಪ್ಪತ್ತಾರು ವರ್ಷದಿಂದ ಜೋಪಾನ ಮಾಡಿಕೊಂಡು ಬಂದ ಅಷ್ಟೂ ‘ಛಲೋ ಐತಿ’ಗಳನ್ನು ಆ ದಿನ ಒಂದೇ ಸಲಕ್ಕೆ ಬಿಟ್ಟುಕೊಟ್ಟೆ. ನನ್ನ ಅಡುಗೆಯ ಬಗ್ಗೆ ಆ ಮನುಷ್ಯ ಬಾಯಿ ತುಂಬ ಹೇಳಿದ್ದೆಲ್ಲ ಸುಳ್ಳು. ಎಮ್ಮೆ ಬಾಯಿ ಮುಚ್ಚಿಕೊಂಡೇ ಖರೆ ಹೇಳಿತು.

೩. ಪ್ರಶ್ನೆ ಬೇರೆ, ಉತ್ತರ ಬೇರೆ

ಆಮೇಲಿನದು ತಣ್ಣನೆಯ ಅನ್ನದ ಸ್ಯಾಂಡ್‌ವಿಚ್ಚು. ಅನ್ನ, ಸಕ್ಕರೆ, ಹೆಚ್ಚಿದ ಸೌತೆಕಾಯಿ. ಗುಣ: ಶರೀರಕ್ಕೆ ತಂಪು. ಮಾಡಲು ಕೂತವಳಿಗೆ ಎಮ್ಮೆಯ ಮುಖ ನೆನಪಾಯಿತು, ಸಿಟ್ಟು ಬಂತು. ಅನ್ನ, ಸಕ್ಕರೆ ಎರಡನ್ನೂ ಆಚೆ ಸರಿಸಿದೆ. ಬ್ರೆಡ್ಡಿಗೆ ಬೆಣ್ಣೆ ಹಚ್ಚಿ, ಮನೆಯಲ್ಲಿ ಮಾಡಿದ ಕೆಂಪು ಮೆಣಸಿನಕಾಯಿಯ ರಂಜಕ ಬಳಿದು, ಉಳ್ಳಾಗಡ್ಡಿ, ಸೌತೆಕಾಯಿ, ಶೇಂಗಾ ಚಟ್ನಿಪುಡಿ ಇಟ್ಟು ಹಂಚಿನ ಮೇಲೆ ಗರಿಗರಿಯಾಗಿ ಸುಟ್ಟೆ. ಓಣಿ ತುಂಬ ವಾಸನೆ ಹೋಯಿತು. ಬಟಾಣಿಯ ದಿನದಿಂದ ನಮ್ಮ ಮನೆಯ ಕಡೆ ಹಾಯದಿದ್ದ ಕಾಕು ಕೂಡ ಬಂದು ಎರಡು ತಿಂದು ಹೋದರು.

ಅತ್ತೆ ತಾವೇ ಎದ್ದು ಅಡುಗೆಮನೆಗೆ ಬಂದರು. ಒಂದು ತಿಂದರು. ಇನ್ನೊಂದು ತಿಂದರು. ಹಣೆಯ ಮೇಲಿನ ಬೆವರು ಒರೆಸಿಕೊಂಡು ಮೂರನೆಯದಕ್ಕೆ ಕೈ ಹಾಕಿದರು. ನಾಲ್ಕು ಹೋಗಲಿ, ಐದೇ ಸಿಕ್ಕೀತು ಎನ್ನಿಸಿತು.

“ಎರಡು” ಎಂದರು. “ಫೇಲ್.”

“ಯಾಕ್ರಿ ಅತ್ತಿಯವರ? ರುಚಿ ಆಗಿಲ್ಲೇನ್ರಿ?”

“ರುಚಿ ಯಾರು ಕೇಳಿದ್ರು? ಪ್ರಶ್ನಿ ಬ್ಯಾರೆ ಐತಿ, ನೀ ಬರದ ಉತ್ತರಾನs ಬ್ಯಾರೆ ಐತಿ. ನಿನ್ನ ಸಾಲ್ಯಾಗ ನಂಬರ ಕೊಡತೀಯೇನು ಇಂಥಾದಕ್ಕ?”

ಕೊಡುವುದಿಲ್ಲ. ಅದೇ ತೊಂದರೆ. ಅತ್ತೆ ಮೂರನೆಯದನ್ನೂ ಮುಗಿಸಿ, ಫೇಲಾದ ಬಾಕಿ ಎರಡನ್ನು ಸಂಜೆಗೆ ಎತ್ತಿಡಲು ಹೇಳಿ ಹೋದರು.

೪. ಏಳನೇ ತಾಟು

ಈ ವರ್ಷ ಅತ್ತೆಯ ಹಳೆಯ ವಿದ್ಯಾರ್ಥಿನಿಯರೆಲ್ಲ ಕೂಡಿ ಅವರಿಗೆ ಸನ್ಮಾನ ಇಟ್ಟುಕೊಂಡರು. ಎಲ್ಲರೂ ಐವತ್ತು ದಾಟಿದವರು. ಹಾರ, ಶಾಲು, ಫಲಪುಷ್ಪ ಎಲ್ಲಾ ಆದ ಮೇಲೆ ಗುರುಗಳಿಗೆ ಖುಷಿಯಾಗಲಿ ಎಂದು, ಅವರು ಕಲಿಸಿದ ‘ಅತಿಥಿ ಸ್ಯಾಂಡ್‌ವಿಚ್’ ಒಬ್ಬೊಬ್ಬರು ಒಂದೊಂದು ತಾಟು ಮಾಡಿ ತರುವುದು, ಅಕ್ಕೋರು ಹಿಂದಿನ ಪ್ರಾಕ್ಟಿಕಲ್ ಪರೀಕ್ಷೆಯ ಹಾಗೆ ನಂಬರು ಕೊಡುವುದು ಎಂದು ಗೊತ್ತುಮಾಡಿದರು. ಪರೀಕ್ಷೆಯ ಹಾಗೆಯೇ ತಾಟಿನ ಮೇಲೆ ಹೆಸರಿಲ್ಲ, ಚೀಟಿಯಲ್ಲಿ ಬರೇ ಒಂದು ಅಂಕಿ. ನಾನು ಕಾರ್ಯಕ್ರಮದ ಮುಂದಾಳತ್ವ ವಹಿಸಿದವರ ಕೈಕಾಲು ಹಿಡಿದು ನನ್ನದೂ ಒಂದು ತಾಟು ಸೇರಿಸಿದೆ. ನನ್ನದು ಏಳನೆಯದು.

ಅತಿಥಿ ಸ್ಯಾಂಡ್‌ವಿಚ್ಚು ಆ ಹದಿನೆಂಟರಲ್ಲೇ ಕೆಟ್ಟದ್ದು. ಬೇಯಿಸಿದ ಬೀಟ್‌ರೂಟು, ಬಾಳೆಹಣ್ಣು, ಡಬ್ಬಿಯ ಗಟ್ಟಿಹಾಲು, ಹಸಿ ಉಳ್ಳಾಗಡ್ಡಿ. ಇಂಥದ್ದನ್ನು ತಿಂದ ಅತಿಥಿ ಎರಡನೇ ಸಲ ಬರಲಾರ. ಆದರೆ ನಾನು ಈ ಸಲ ರುಚಿಯ ಆಸೆ ಬಿಟ್ಟಿದ್ದೆ. ಅತ್ತೆಯ ಕಣ್ಣಿಗೆ ಬೀಳದ ಹಾಗೆ ಕಾಕು ಮನೆಯಲ್ಲಿ ಕೂತು, ಪುಸ್ತಕದಲ್ಲಿ ಇದ್ದದ್ದು ಇದ್ದ ಹಾಗೆ ಮಾಡಿದೆ. ಅಂಚು ಕತ್ತರಿಸಿದೆ, ಮೂಲೆಯಿಂದ ಮೂಲೆಗೆ ಕೊಯ್ದೆ, ಕೊನೆಯ ಸಾಲಿನಲ್ಲಿ ಸಣ್ಣಗೆ ಬರೆದಿದ್ದ ಹಾಗೆ ಒದ್ದೆ ಬಟ್ಟೆ ಮುಚ್ಚಿ ಎರಡು ತಾಸು ಇಟ್ಟೆ.

ಅತ್ತೆ ಶಾಲು ಹೊದ್ದುಕೊಂಡು, ಕೆಂಪು ಪೆನ್ನು ಹಿಡಿದು ಕೂತರು. ಮೊದಲ ತಾಟಿಗೆ ಎರಡು. ಎರಡನೆಯದಕ್ಕೆ “ಬೀಟ್‌ರೂಟು ನೀರಾಗೈತಿ” ಎಂದು ಒಂದೂವರೆ. ಅದನ್ನು ಮಾಡಿದವರು ತಾವೇ ಒಂದು ಶಾಲೆಯ ಹೆಡ್‌ಮಿಸ್ಟ್ರೆಸ್ಸು, ಸೆರಗಿನಿಂದ ಕಣ್ಣೊರೆಸಿಕೊಂಡರು. ಆರನೆಯ ತಾಟಿನವರೆಗೆ ಒಬ್ಬರೂ ಪಾಸಾಗಲಿಲ್ಲ.

ಏಳನೆಯದನ್ನು ಎತ್ತಿ ಕಚ್ಚಿದರು. ಕಣ್ಣು ಮುಚ್ಚಿದರು. ಪೂರಾ ತಿಂದು ಇನ್ನೊಂದು ತೆಗೆದುಕೊಂಡರು. ಅದನ್ನೂ ತಿಂದು ಚೀಟಿಯ ಮೇಲೆ ದೊಡ್ಡದಾಗಿ ಒಂಬತ್ತು ಎಂದು ಬರೆದರು.

“ನನ್ನ ಸರ್ವೀಸಿನ್ಯಾಗ ಒಬ್ಬಾಕಿಗೂ ಒಂಬತ್ತು ಕೊಟ್ಟಿಲ್ಲ” ಎಂದರು. “ಒದ್ದಿ ಅರಬಿ ಮುಚ್ಚೂದು ಒಬ್ಬಾಕಿಗರೆ ನೆನಪ ಉಳದೈತಿ. ಇದಕ್ಕs ಅಲ್ಲೇನು ನಾ ಕಲಿಸಿದ್ದು? ಯಾರವ್ವಾ ನೀ, ನನ್ನ ಬಂಗಾರದಂಥಾಕಿ? ಎದ್ದು ನಿಂದರು.”

ನಾನು ಎದ್ದು ನಿಂತೆ. ಕಣ್ಣು ತುಂಬಿಕೊಂಡಿದ್ದರಿಂದ ಅತ್ತೆಯ ಮುಖ ಸರಿಯಾಗಿ ಕಾಣಲಿಲ್ಲ. ಅವರು ಕನ್ನಡಕ ಏರಿಸಿಕೊಂಡು ನನ್ನನ್ನು ನೋಡಿದರು. ತಾಟು ನೋಡಿದರು. ಇನ್ನೊಮ್ಮೆ ನನ್ನನ್ನು ನೋಡಿದರು. ಆಮೇಲೆ ಕೆಂಪು ಪೆನ್ನು ತೆಗೆದುಕೊಂಡು ಒಂಬತ್ತಕ್ಕೆ ಗೀಟು ಹೊಡೆದು ಅದರ ಬಾಜೂಕೆ ಮೂರೂವರೆ ಎಂದು ಬರೆದು, ತಪ್ಪದೆ ತಮ್ಮ ಸಹಿಯನ್ನೂ ಹಾಕಿದರು.

ಮುಂದಾಳತ್ವ ವಹಿಸಿದವರಿಗೇ ತಡೆಯಲಾಗಲಿಲ್ಲ. “ಅಕ್ಕೋರ, ಹಿಂಗ್ಯಾಕ್ರಿ?”

“ಇಕಿ ಎಕ್ಸ್‌ಟರ್ನಲ್” ಎಂದರು ಅತ್ತೆ. “ನನ್ನ ಕ್ಲಾಸಿನ್ಯಾಗ ಕುಂತಾಕಿ ಅಲ್ಲ.”

“ಅತ್ತಿಯವರ, ಇಪ್ಪತ್ತಾರು ವರ್ಷ ದಿನಾ ಮೂರು ಹೊತ್ತು ನಿಮ್ಮ ಕ್ಲಾಸಿನ್ಯಾಗs ಇದ್ದೇನ್ರಿ ನಾ. ಒಂದು ದಿವಸಾನೂ ಗೈರಹಾಜರ ಇಲ್ಲ” ಎಂದೆ.

ಅತ್ತೆ ಪೆನ್ನಿನ ಟೋಪಿ ಹಾಕಿದರು. ಏಳನೇ ತಾಟಿನಲ್ಲಿ ಉಳಿದಿದ್ದ ಎರಡು ಸ್ಯಾಂಡ್‌ವಿಚ್ಚನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ತಮ್ಮ ಚೀಲದೊಳಗೆ ಇಟ್ಟರು.

“ಮತ್ತ ಆ ಮೂರೂವರಿ ಯಾತಕ್ಕ ಅಂತ ತಿಳಿದೀದಿ ನೀ?” ಎಂದರು. “ಹಾಜರಿದ್ದದ್ದಕ್ಕ.”